ಇಬ್ಬರು ಸೇರಿ ಸಾಕಿದ ಭಾವಮೈದುನ

ಇಬ್ಬರು ಕೂಡಿ ಬರೆದರೆ ಯಾರ ಹೆಸರು ಮೊದಲು ಬರಬೇಕೆಂದು ಜಗಳವಾಗುತ್ತದೆಯಂತೆ. ನನಗೂ ವೀರಭದ್ರಪ್ಪನಿಗೂ ಆ ಜಗಳ ಬರಲೇ ಇಲ್ಲ. ಸಾಫ್ ಪ್ರತಿ ಮಾಡುವವನು ನಾನಾದ್ದರಿಂದ ನನ್ನ ಹೆಸರನ್ನು ನಾನೇ ಮೊದಲು ಬರೆದುಕೊಳ್ಳುತ್ತಿದ್ದೆ. ಅವನು ಅದನ್ನು ನೋಡಿಯೂ ನೋಡದವನಂತೆ ಇದ್ದುಬಿಡುತ್ತಿದ್ದ.

ನಾನಾಗ ಆದೋನಿಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತ. ಅವನು ಪೆದ್ದಕಡುಬೂರಿನವನು, ನಮ್ಮ ಓಣಿಯ ಶಾಲೆಯಲ್ಲಿ ಕನ್ನಡ ಮಾಸ್ತರ. ಶಾಲೆಯ ಅಂಗಳದಲ್ಲಿ ತಿಂಗಳಿಗೊಂದು ಭಾನುವಾರ ಗೆಳೆಯರು ಆಡುತ್ತಿದ್ದ ಅರ್ಧ ಗಂಟೆಯ ನಗೆನಾಟಕಗಳನ್ನು ನಾವಿಬ್ಬರೂ ಬರೆಯುತ್ತಿದ್ದೆವು. ಪ್ರತಿ ಸಲವೂ ಅದೇ ಮನೆ, ಅದೇ ಗಂಡ ಹೆಂಡತಿ, ನಾಲ್ಕು ದಿನಕ್ಕೆಂದು ಬಂದು ಹೋಗದೇ ಉಳಿದ ಅದೇ ಭಾವಮೈದುನ. ಫಜೀತಿ ಮಾತ್ರ ಹೊಸದು. ಬಜಾರಿನಲ್ಲಿ ಜನ ನನ್ನನ್ನು ತಡೆದು, "ಏನ್ರಿ ರಾಯರ, ನಿಮ್ಮ ಭಾವಮೈದ ಇನ್ನಾ ಹೋಗಿಲ್ಲೇನು?" ಎಂದು ಕೇಳುತ್ತಿದ್ದರು. ನನ್ನ ಹೆಂಡತಿಗೆ ಅಣ್ಣತಮ್ಮಂದಿರೇ ಇರಲಿಲ್ಲ. ಆದರೂ ಆಕೆಗೆ ಸಿಟ್ಟು ಬರುತ್ತಿತ್ತು.

ಬರೆಯುವಾಗ ವೀರಭದ್ರಪ್ಪ ಅತ್ತಿಂದಿತ್ತ ಅಡ್ಡಾಡುತ್ತಾ ಮೂವರ ದನಿಯಲ್ಲೂ ಮಾತಾಡುವನು. ನಾನು ಕೂತು ಬರೆದುಕೊಳ್ಳುವೆ. ನಾಟಕದ ಜೀವ ಯಾರದೆಂದು ಆಗ ನನಗೆ ಅನುಮಾನವೇ ಇರಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತಲ್ಲ!

ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿನ ಕಡೆ ಹೋಯಿತು, ಆದೋನಿ ಈಚೆ ಆಂಧ್ರದಲ್ಲೇ ಉಳಿಯಿತು. ವೀರಭದ್ರಪ್ಪ ಬಳ್ಳಾರಿಯ ಶಾಲೆಯೊಂದಕ್ಕೆ ಹೊರಟು ನಿಂತ. ಸ್ಟೇಷನ್ನಿನಲ್ಲಿ, "ಕನ್ನಡ ಕಲಸಾಕ ಅಲ್ಲಿಗೇ ಹೋಗಬೇಕ್ರಿ ಇನ್ನ. ನೀವು ಬರಕೋತ ಇರ್ರಿ ರಾಯರ. ಭಾವಮೈದ ಇಲ್ಲೇ ಅದಾನಲ್ಲ," ಎಂದ.

ಬರೆಯಲು ಕೂತೆ. ಭಾವಮೈದುನನನ್ನು ಬಾಗಿಲಿಗೆ ತಂದು ನಿಲ್ಲಿಸಿದರೆ ಅವನು ಬಾಯಿ ಬಿಡಲೊಲ್ಲ. ಹೇಗೋ ಒಂದು ನಾಟಕ ಮುಗಿಸಿ ಹೆಂಡತಿಗೆ ಓದಿ ಹೇಳಿದೆ. ಜೋಳ ಹಸನು ಮಾಡುತ್ತಿದ್ದ ಆಕೆ, "ಪಾಪ, ಹಿಂದಿಲ್ಲ ಮುಂದಿಲ್ಲ. ಅದಕ್ಕ ಅಕ್ಕನ ಮನ್ಯಾಗ ಬಿದ್ದಾನ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಡಿದ ದಿನ ಅಂಗಳದಲ್ಲಿ ಒಂದು ಕೆಮ್ಮು ಮಾತ್ರ ಕೇಳಿಸಿತು. ಅದೂ ನನ್ನದೇ. ಮುಂದಿನ ತಿಂಗಳಿಂದ ಗೆಳೆಯರು ತೆಲುಗು ನಾಟಕ ಹಿಡಿದರು.

ಆದರೂ ಭಾನುವಾರ ಬಂದರೆ ಕಾಲು ಶಾಲೆಯ ಕಡೆಗೇ ಎಳೆಯುತ್ತಿತ್ತು. ಹಾಗೊಮ್ಮೆ ಖಾಲಿ ಕಟ್ಟೆಯ ಮೇಲೆ ಕೂತಿದ್ದಾಗ ಜವಾನ ಬಂದು, "ಯಾರಿಗೆ ಕಾಯಾಕತ್ತೀರಿ ಸಾರೂ?" ಎಂದು ಕೇಳಿದ.

"ಯಾರಿಗೂ ಇಲ್ಲಪ್ಪ."

"ಹಂಗಾದ್ರ ಗೇಟು ಹಾಕ್ಲೇನ್ರಿ?"

ವರ್ಷ ಕಳೆದ ಮೇಲೆ ಬಳ್ಳಾರಿಯಿಂದ ಒಂದು ಕಾರ್ಡು ಬಂತು. "ಬರೋ ಭಾನುವಾರ ಮಧ್ಯಾಹ್ನ ಇಲ್ಲಿ ನಮ್ಮ ಆಟ ಐತಿ. ಬರ್ರಿ." 'ನಮ್ಮ' ಎಂಬಲ್ಲಿ ನಾನೂ ಸೇರಿದ್ದೇನೆಯೇ ಎಂದು ನಾಲ್ಕು ಸಲ ಓದಿದೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಹೋದೆ. ನಾಟಕ ಹೊಸದು, ಭಾವಮೈದುನ ಮಾತ್ರ ನಮ್ಮ ಹಳೆಯವನೇ. ಜನ ಬಿದ್ದು ಬಿದ್ದು ನಕ್ಕರು. ಅವನು ಏನನ್ನುತ್ತಾನೆಂದು ನನಗೆ ಮೊದಲೇ ತಿಳಿಯುತ್ತಿದ್ದುದರಿಂದ ನಾನು ಎಲ್ಲರಿಗಿಂತ ಮುಂಚೆ ನಗುತ್ತಿದ್ದೆ. ಪಕ್ಕದವರು ತಿರುಗಿ ತಿರುಗಿ ನೋಡಿದರು.

ಆಟ ಮುಗಿದ ಮೇಲೆ ವೀರಭದ್ರಪ್ಪ ನನ್ನ ಕೈ ಹಿಡಿದುಕೊಂಡ. "ಖರೇ ಹೇಳ್ರಿ ರಾಯರ, ಹ್ಯಾಂಗಿತ್ತು?"

ಒಂದು ವರ್ಷದಿಂದ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಗಂಟಲು ಸರಿಮಾಡಿಕೊಂಡು ಹೇಳಿದೆ: "ಚಲೋ ಇತ್ತು. ಆದ್ರ ಛತ್ರಿ ಬಗ್ಗೆ ಮೂರು ಮಾತು ಬರ್ತಾವ ನೋಡು, ಅವು ಬ್ಯಾಡಾಗಿದ್ವು. ಒಬ್ಬರೂ ನಗಲಿಲ್ಲ. ಹೊಡದು ಹಾಕು."

ಅವನು ನೆಲ ನೋಡಿದ. "ಅವು ನಿಮ್ಮವು ರಾಯರ. ಆದೋನ್ಯಾಗ ಸಾಫ್ ಪ್ರತಿ ಮಾಡುವಾಗ ನೀವು ಸೇರಿಸಿ ಬರೆದದ್ದು. ಯಾರೂ ನಗಂಗಿಲ್ಲಂತ ನನಗೂ ಗೊತ್ತೈತಿ. ನಿಮ್ಮದೂ ಒಂದೀಟು ಇರ್ಲಿ ಅಂತ ಪ್ರತಿ ನಾಟಕದಾಗೂ ಇಟ್ಟೀನಿ."

"ಹಂಗಾದ್ರ ಇರ್ಲಿ ಬಿಡು," ಎಂದೆ.

ಮರಳಿ ಬರುವಾಗ ಗುಂತಕಲ್ಲಿನ ಬೆಂಚಿನ ಮೇಲೆ ಕೂತು ಆ ಮೂರೂ ಮಾತುಗಳನ್ನು ಮೂರು ದನಿಯಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ. ಪಕ್ಕದಲ್ಲಿದ್ದ ಮನುಷ್ಯ ತನ್ನ ಗಂಟನ್ನೆತ್ತಿಕೊಂಡು ಬೇರೆ ಬೆಂಚಿಗೆ ಹೋದ. ನನ್ನ ಬರವಣಿಗೆಯ ಬಗ್ಗೆ ಅವನದೂ ಅದೇ ಅಭಿಪ್ರಾಯವೆಂದು ತಿಳಿದುಕೊಂಡೆ.