ಮೂರನೇ ಸೈಡಿನ ಕೂಗು

ಒಂದೂವರೆ ಸೆಕೆಂಡಿನ ಕೂಗೊಂದು ಮನುಷ್ಯನನ್ನು ಮೂವತ್ತಾರು ವರ್ಷ ಸಾಕಬಲ್ಲದು ಎಂದರೆ ಯಾರೂ ನಂಬಲಿಕ್ಕಿಲ್ಲ. ಕಿವಿ ಡಾಕ್ಟ್ರನ್ನು ಅದು ಸಾಕಿತ್ತು. ಒಂದು ಮಂಗಳವಾರ ಬೆಳಗ್ಗೆ ಅವರ ಮಾನ ಹರಾಜು ಹಾಕಿದ್ದೂ ಅದೇ ಕೂಗು.

ಅವರು ಡಾಕ್ಟರಲ್ಲ. ಕಿವಿ ಮಂದವಾದವರಿಗೆ ಶ್ರವಣಯಂತ್ರ ಮಾರಿ, ಅದರ ಸದ್ದನ್ನು ಹದಕ್ಕೆ ತಂದುಕೊಡುವ ಅಂಗಡಿಯವರು. ಬೀದಿಯವರು ಬಿರುದು ಕೊಟ್ಟರು, ಇವರು ಬೇಡವೆನ್ನಲಿಲ್ಲ, ಅಷ್ಟೆ. ಅಂಗಡಿಯ ಒಳಗೆ ಗೋಡೆಗೆಲ್ಲ ಸ್ಪಂಜು ಮೆತ್ತಿದ, ಇಬ್ಬರು ಕೂತರೆ ಮೊಣಕಾಲು ತಾಗುವ ಒಂದು ಪರೀಕ್ಷೆ ಕೋಣೆ. ಬೇರೆ ಕಡೆ ಕೀಂ ಕೀಂ ಎನ್ನುವ ಸದ್ದು ಕೇಳಿಸಿ ಯಂತ್ರ ಕೊಟ್ಟು ಕಳಿಸುತ್ತಾರೆ. ಕಿವಿ ಡಾಕ್ಟ್ರಿಗೆ ಆ ಕೀಂ ಕೀಂ ಮೇಲೆ ನಂಬಿಕೆ ಇರಲಿಲ್ಲ. ಅವರು ಕೊನೆಯಲ್ಲಿ ಒಂದು ಹಳೆಯ ರೆಕಾರ್ಡು ಹಾಕುತ್ತಿದ್ದರು.

ಅದು ಇದೇ ಊರಿನ ಸಭಾಂಗಣದಲ್ಲಿ ಒಂದು ಬ್ಲೂಸ್ ರಾಕ್ ತಂಡ ಜನರ ಮುಂದೆ ನುಡಿಸಿದ ಲೈವ್ ಆಲ್ಬಮ್. ಎರಡು ತಟ್ಟೆ, ನಾಲ್ಕು ಸೈಡು. ತಂಡ ಒಡೆದುಹೋಗಿ, ಗಿಟಾರಿನವನು ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೂ ಅದು ಇನ್ನೂ ಅಚ್ಚಾಗುತ್ತದೆ, ತಾವು ಹುಟ್ಟುವ ಮೊದಲಿನ ಸಂಗೀತವನ್ನು ಹುಡುಗರು ಈಗಲೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಯಾಕೆ ಎಂದು ಕೇಳಿದವರಿಗೆ ಕಿವಿ ಡಾಕ್ಟ್ರ ಉತ್ತರ ಸಿದ್ಧವಿತ್ತು. ಅದರಲ್ಲಿ ಯಾವ ತಪ್ಪನ್ನೂ ಒರೆಸಿ ಹಾಕಿಲ್ಲ. ಎರಡನೇ ಹಾಡಿನಲ್ಲಿ ತಂತಿಯೊಂದು ಶ್ರುತಿ ತಪ್ಪುತ್ತದೆ, ಗಿಟಾರಿನವನು ಅದನ್ನು ಎಳೆದೆಳೆದೇ ದಾರಿಗೆ ತರುತ್ತಾನೆ. ಹಾಡುವವನಿಗೆ ಉಸಿರು ಸಾಲುವುದಿಲ್ಲ. ಯಾರೋ ಕೆಮ್ಮುತ್ತಾರೆ. ಸೂಜಿ ಇಟ್ಟಾಗಲೆಲ್ಲ ಆ ಸಂಜೆ ಇನ್ನೂ ನಡೆಯುತ್ತಲೇ ಇದೆ ಅನ್ನಿಸುತ್ತದೆ.

ಮೂರನೇ ಸೈಡಿನಲ್ಲಿ ಒಂದು ನಿಧಾನದ ಹಾಡು ಮುಗಿದು, ಸಭಾಂಗಣ ಒಂದು ಗಳಿಗೆ ಸದ್ದಿಲ್ಲದೆ ನಿಲ್ಲುತ್ತದೆ. ಆಗ ಜನರ ನಡುವಿನಿಂದ ಒಬ್ಬ "ಇನ್ನೊಂದ್ಸಲ" ಎಂದು ಕೂಗುತ್ತಾನೆ. ಗಿಟಾರಿನವನು ನಗುತ್ತಾನೆ. ನಕ್ಕು, ಅದೇ ರಾಗವನ್ನು ಮತ್ತೆ ಎತ್ತಿಕೊಂಡು ಹನ್ನೊಂದು ನಿಮಿಷ ನುಡಿಸುತ್ತಾನೆ. ಜನ ಆಲ್ಬಮ್ ಕೊಳ್ಳುವುದೇ ಆ ಹನ್ನೊಂದು ನಿಮಿಷಕ್ಕೆ. ಕೂಗು ಕಿವಿಗೆ ಬಿತ್ತು ಎಂದರೆ ಯಂತ್ರ ಸರಿಯಿದೆ ಎಂದು ಅರ್ಥ. ಗಿರಾಕಿ ತಲೆಯಾಡಿಸಿದ ಮೇಲೆ ಕಿವಿ ಡಾಕ್ಟ್ರು ಮೆಲ್ಲಗೆ, "ಅದು ನಾನೇ" ಎನ್ನುತ್ತಿದ್ದರು.

ಹೆಂಡತಿ ಅವರನ್ನು ಒಪ್ಪಿದ್ದೂ ಆ ಕೂಗು ಕೇಳಿಯೇ. ಇಪ್ಪತ್ತೆರಡನೇ ವಯಸ್ಸಿಗೇ ಅಷ್ಟು ಆಸೆಯಿಂದ ಕೇಳುವವನು ಮುಂದೆ ಏನಾದರೂ ಆದಾನು ಎಂದುಕೊಂಡಿದ್ದಳು. ಅವರು ಏನೂ ಆಗಲಿಲ್ಲ. ಗಿಟಾರ್ ಕಲಿಯಲು ಹೋಗಿ ಬೆರಳು ನೋವೆಂದು ಬಿಟ್ಟರು, ತಂಡ ಕಟ್ಟಲು ಹೋಗಿ ಬಾಡಿಗೆ ಕೋಣೆಯವನ ಹತ್ತಿರ ಬೈಸಿಕೊಂಡರು. ಕೂಗಾದರೂ ಇದೆಯಲ್ಲ ಎಂಬುದೇ ಗಂಡ ಹೆಂಡತಿ ಇಬ್ಬರಿಗೂ ಉಳಿದ ಸಮಾಧಾನ.

ಆ ಮಂಗಳವಾರದ ಮೊದಲ ಗಿರಾಕಿ ಒಬ್ಬ ನಿವೃತ್ತ ಟೀಚರಮ್ಮ. ಗಂಡ ತೀರಿಕೊಂಡು ವರ್ಷವಾಗಿತ್ತು. ಯಂತ್ರ ಕೂರಿಸಿ ಕಿವಿ ಡಾಕ್ಟ್ರು ಮೂರನೇ ಸೈಡು ಹಾಕಿದರು. ಹೊರಗಿನ ಬೆಂಚಿನಲ್ಲಿ ಪಕ್ಕದ ಕ್ಷೌರದಂಗಡಿಯವನು ಎಂದಿನಂತೆ ಪುಕ್ಕಟೆ ಪೇಪರ್ ಓದುತ್ತಿದ್ದ. ಕೂಗು ಬಂತು. ಟೀಚರಮ್ಮ ತಲೆಯಾಡಿಸಲಿಲ್ಲ. ಅವರ ಕಣ್ಣು ತುಂಬಿತ್ತು.

"ಇದು ನಮ್ಮನೆಯವರ ಧ್ವನಿ," ಎಂದರು. "ಅದರಲ್ಲಿ ನಾನಿದ್ದೀನಿ, ಒಂದ್ಸಲ ಕೂತು ಕೇಳೇ ಅಂತ ಎಷ್ಟು ವರ್ಷ ಕರೆದ್ರು. ಗಂಡಸರ ಬಡಾಯಿ ಅಂತ ನಾನು ಅಡುಗೆಮನೆ ಬಾಗಿಲು ಹಾಕ್ಕೊಂಡೆ. ಆಮೇಲೆ ಕಿವೀನೇ ಹೋಯ್ತು. ಈಗ ಅವರೂ ಹೋದ್ರು."

ಕರೆಯದೆ ಬರುವವನು, ಕೇಳದೆ ಹೇಳುವವನು ಎಲ್ಲ ಬೀದಿಯಲ್ಲೂ ಒಬ್ಬನಿರುತ್ತಾನೆ. ಕ್ಷೌರದಂಗಡಿಯವನು ಪೇಪರ್ ಮಡಿಸಿ ಬಾಗಿಲಲ್ಲಿ ತಲೆ ಹಾಕಿದ. "ಇಲ್ಲಮ್ಮ, ಅದು ನಮ್ಮ ಡಾಕ್ಟ್ರು ಕೂಗಿದ್ದು. ಬೇಕಾದ್ರೆ ಅವರನ್ನೇ ಕೇಳಿ."

ಟೀಚರಮ್ಮ ತಿರುಗಿ ನೋಡಿದರು. ಕಿವಿ ಡಾಕ್ಟ್ರು ರೆಕಾರ್ಡಿನ ಸೂಜಿ ಎತ್ತಿಟ್ಟರು. ಹೌದು ಎಂದರೆ ಈ ಹೆಂಗಸಿನ ಗಂಡ ಎರಡನೇ ಸಲ ಸಾಯುತ್ತಾರೆ. ಇಲ್ಲ ಎಂದರೆ ತಮ್ಮ ಬಾಳಿನ ಒಂದೇ ಒಂದು ಆಸ್ತಿ ಹೋಗುತ್ತದೆ.

"ನಂದಲ್ಲ ಟೀಚರಮ್ಮ," ಎಂದರು. "ಸುಮ್ನೆ ಹೇಳ್ಕೊಂಡು ಓಡಾಡ್ತಿದ್ದೆ. ಅದು ನಿಮ್ಮನೆಯವರದೇ."

ಟೀಚರಮ್ಮ ಅದನ್ನು ಇನ್ನೂ ನಾಲ್ಕು ಸಲ ಹಾಕಿಸಿಕೊಂಡು ಕೇಳಿ, ಮನೆಯಲ್ಲಿ ಗಂಡನ ರೆಕಾರ್ಡು ಪೆಟ್ಟಿಗೆ ಹುಡುಕುತ್ತೇನೆಂದು ಹೊರಟರು. ಅವರು ಮೆಟ್ಟಿಲಿಳಿಯುವ ಮೊದಲೇ ಕ್ಷೌರದಂಗಡಿಯವನು ಬೀದಿಯಲ್ಲಿದ್ದ.

ಕ್ಷೌರದಂಗಡಿಗೆ ಸಿಕ್ಕ ಸುದ್ದಿಗೆ ಬೇರೆ ಡಂಗುರ ಬೇಡ. ಹನ್ನೊಂದಕ್ಕೆ ಎದುರಿನ ಔಷಧಿ ಅಂಗಡಿಯಾಕೆ ಬಂದು, ಇಷ್ಟು ವರ್ಷ ತನ್ನ ನೆಂಟರಿಗೆಲ್ಲ ಆ ಕೂಗಿನ ಕತೆ ಹೇಳಿ ಮೆರೆದಿದ್ದೆನೆಂದೂ ಈಗ ಅವರಿಗೆ ಮುಖ ತೋರಿಸುವುದು ಹೇಗೆಂದೂ ಕೇಳಿದಳು. ಹನ್ನೆರಡಕ್ಕೆ, ಹೋದ ತಿಂಗಳು ಯಂತ್ರ ಕೊಂಡಿದ್ದ ಬಸ್ ಕಂಡಕ್ಟರ್ ಬಂದ. ಕೂಗಿದ್ದು ನೀವು ಅನ್ನುವುದೇ ಸುಳ್ಳಾದರೆ ನನಗೆ ಕೇಳಿಸಿದ್ದೂ ಸುಳ್ಳಿರಬಹುದು, ಮತ್ತೆ ಪರೀಕ್ಷೆ ಮಾಡಿ ಎಂದು ಪಟ್ಟು ಹಿಡಿದ. ಕಿವಿ ಡಾಕ್ಟ್ರು ಅವನನ್ನು ಪರೀಕ್ಷೆ ಕೋಣೆಯಲ್ಲಿ ಕೂರಿಸಿ, ಅವನ ಉತ್ತರ ತಮಗೆ ಕೇಳಲೆಂದು ಒಳಗಿನ ಮೈಕು ಹೊರಗಿನ ಸ್ಪೀಕರು ಎರಡನ್ನೂ ಹಾಕಿ, ಕೀಂ ಕೀಂ ಸದ್ದಿನಿಂದಲೇ ಪರೀಕ್ಷೆ ಮಾಡಿ ಮುಗಿಸಿದರು. ಆ ದಿನ ಮತ್ತೆ ರೆಕಾರ್ಡು ಹಾಕುವ ಮನಸ್ಸು ಅವರಿಗೆ ಇರಲಿಲ್ಲ.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಹೆಂಡತಿ ಬಂದಳು. ಮುಖ ನೋಡಿದರೇ ಗೊತ್ತಾಗುತ್ತಿತ್ತು, ಔಷಧಿ ಅಂಗಡಿ ದಾಟಿಯೇ ಬಂದಿದ್ದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಿಜವಾ ಎಂದಷ್ಟೇ ಕೇಳಿದಳು. ಕಿವಿ ಡಾಕ್ಟ್ರು ಅವಳನ್ನು ಪರೀಕ್ಷೆ ಕೋಣೆಗೆ ಕರೆದೊಯ್ದು ಬಾಗಿಲು ಭದ್ರ ಮಾಡಿದರು.

"ಕೂಗು ನಂದೇ ಕಣೇ. ಅದು ಬಿಟ್ರೆ ನನ್ನ ಹತ್ರ ಇನ್ನೇನಿದೆ? ಆದ್ರೆ ಆಯಮ್ಮನ ಹತ್ರ ಅದೂ ಇಲ್ಲ. ಕೊಟ್ಬಿಟ್ಟೆ."

ಹೆಂಡತಿ ಅವರ ಕೈ ಹಿಡಿದುಕೊಂಡು, "ನೀವು ಏನೂ ಆಗ್ಲಿಲ್ಲ ಅಂತ ನಾನು ಒಳಗೊಳಗೇ ಕೊರಗ್ತಿದ್ದೆ. ಇನ್ನು ಕೊರಗಲ್ಲ," ಎಂದಳು.

ಬಾಗಿಲು ತೆರೆದರೆ ಹೊರಗೆ ಕಂಡಕ್ಟರ್, ಔಷಧಿ ಅಂಗಡಿಯಾಕೆ, ಕ್ಷೌರದಂಗಡಿಯವನು ಮೂವರೂ ಸ್ಪೀಕರಿನ ಸುತ್ತ ನಿಂತಿದ್ದರು. ಊರಿಗೆಲ್ಲ ಕಿವಿ ಕೊಡುವ ಮನುಷ್ಯ, ಕಂಡಕ್ಟರನ ಪರೀಕ್ಷೆ ಮುಗಿದ ಮೇಲೆ ಮೈಕು ಆರಿಸುವುದನ್ನು ಮರೆತಿದ್ದರು. ಕ್ಷೌರದಂಗಡಿಯವನು ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಟೀಚರಮ್ಮನಿಗೆ ಈ ವಿಷಯ ಎಂದೂ ತಿಳಿಯಕೂಡದು ಎಂದು ಕಿವಿ ಡಾಕ್ಟ್ರು ಎಲ್ಲರ ಹತ್ತಿರ ಮಾತು ತೆಗೆದುಕೊಂಡರು. ಟೀಚರಮ್ಮನೊಬ್ಬರನ್ನು ಬಿಟ್ಟು ಇಡೀ ಬೀದಿಗೆ ಅದು ಅರ್ಧ ಗಂಟೆಯಲ್ಲಿ ತಿಳಿಯಿತು.

ಮಧ್ಯಾಹ್ನವೆಲ್ಲ ಒಬ್ಬೊಬ್ಬರೇ ಬಂದು ಅವರನ್ನು ನೋಡಿಕೊಂಡು ಹೋದರು. ಕಂಡಕ್ಟರ್ ಇನ್ನೊಂದು ಕಿವಿಗೂ ಯಂತ್ರ ಬೇಕೆಂದ. ಕ್ಷೌರದಂಗಡಿಯವನು ತನ್ನ ದುಡ್ಡಿನಲ್ಲಿ ಚಹಾ ತರಿಸಿದ, ಹಿಂದೆಂದೂ ನಡೆಯದ ಸಂಗತಿ ಅದು. ಹೆಂಡತಿ ಮನೆಗೆ ಹೋಗದೆ ಪಕ್ಕದಲ್ಲೇ ಕೂತಿದ್ದಳು. ಕೂಗನ್ನು ಇಟ್ಟುಕೊಂಡಾಗ ಸಿಗದ ಮರ್ಯಾದೆ ಬಿಟ್ಟುಕೊಟ್ಟ ಮೇಲೆ ಸಿಕ್ಕಿತು. ಇದು ಮೊದಲೇ ಗೊತ್ತಿದ್ದರೆ ಹತ್ತು ವರ್ಷ ಹಿಂದೆಯೇ ಯಾರಿಗಾದರೂ ಕೊಟ್ಟುಬಿಡುತ್ತಿದ್ದೆನಲ್ಲ ಎಂದು ಅವರಿಗೆ ಅನ್ನಿಸಿತು.

ಐದು ಗಂಟೆಗೆ ಟೀಚರಮ್ಮ ಗಂಡನ ರೆಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಅಂಗಡಿಯ ತುಂಬ ಜನ. ಎಲ್ಲರೂ ಬಾಯಿ ಬಿಗಿದುಕೊಂಡು ಕಿವಿ ಡಾಕ್ಟ್ರನ್ನು ಭಕ್ತಿಯಿಂದ ನೋಡುತ್ತಿದ್ದರು. ಕವರಿನೊಳಗೆ ಮಡಿಸಿದ ಒಂದು ಹಾಳೆಯಿತ್ತು. ಕಿವಿ ಡಾಕ್ಟ್ರು ತಮ್ಮ ರೆಕಾರ್ಡನ್ನು ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡವರು, ಅದರೊಳಗೆ ಹಾಳೆಯೊಂದು ಇರುತ್ತದೆಂದೇ ಅವರಿಗೆ ಗೊತ್ತಿರಲಿಲ್ಲ. ಕನ್ನಡಕ ಮರೆತು ಬಂದೆ, ಸ್ವಲ್ಪ ಓದಮ್ಮ ಎಂದು ಟೀಚರಮ್ಮ ಅದನ್ನು ಹೆಂಡತಿಯ ಕೈಗಿತ್ತರು.

ಯಾವ ಹಾಡು ಯಾವ ದಿನದ್ದು ಎಂದು ಅದರಲ್ಲಿ ಬರೆದಿತ್ತು. ತಂಡ ಎರಡು ದಿನ ನುಡಿಸಿತ್ತು, ಶುಕ್ರವಾರ ಮತ್ತು ಶನಿವಾರ. ಕಿವಿ ಡಾಕ್ಟ್ರು ಹೋಗಿದ್ದು ಶುಕ್ರವಾರ. ರೆಕಾರ್ಡಿನಲ್ಲಿರುವುದು ತಾವು ಹೋದ ದಿನವೇ ಎಂಬುದರಲ್ಲಿ ಅವರಿಗೆ ಎಂದೂ ಅನುಮಾನ ಬಂದಿರಲಿಲ್ಲ.

"ಮೂರನೇ ಸೈಡು, ಶನಿವಾರ," ಎಂದು ಹೆಂಡತಿ ಓದಿದಳು. ಓದಿ, ಗಂಡನ ಮುಖ ನೋಡಿದಳು. ಕ್ಷೌರದಂಗಡಿಯವನು ಚಾವಣಿಯ ಫ್ಯಾನನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ.

ಕಿವಿ ಡಾಕ್ಟ್ರು ಕೊಟ್ಟ ದಾನ ಅವರದೇ ಆಗಿರಲಿಲ್ಲ. ಆದರೂ ಶುಕ್ರವಾರ ತಾವು ಕೂಗಿದ್ದು ಸುಳ್ಳಲ್ಲ, ಗಿಟಾರಿನವನು ತಮ್ಮ ಕಡೆ ನೋಡಿ ನಕ್ಕಿದ್ದೂ ಸುಳ್ಳಲ್ಲ.

ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಇದ್ದ ಹಾಗಿದೆಯಲ್ಲ, ಅದನ್ನೂ ಓದಮ್ಮ ಎಂದರು ಟೀಚರಮ್ಮ. ಹೆಂಡತಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು.

"ಈ ಹಾಡನ್ನು ತಂಡ ಶುಕ್ರವಾರ ಇನ್ನೂ ಚೆನ್ನಾಗಿ ನುಡಿಸಿತ್ತು. ಆದರೆ ಮೈಕಿನ ಪಕ್ಕ ನಿಂತಿದ್ದ ಯುವಕನೊಬ್ಬ ಹಾಡಿನುದ್ದಕ್ಕೂ ಕೂಗುತ್ತಲೇ ಇದ್ದುದರಿಂದ ಆ ಧ್ವನಿಮುದ್ರಣವನ್ನು ಬಳಸಲಾಗಲಿಲ್ಲ."

ಟೀಚರಮ್ಮನ ಮುಖ ಮಾತ್ರ ಅರಳಿತು. "ಯಾವ ಪುಣ್ಯಾತ್ಮನೋ," ಎಂದರು. "ಅವನು ಬಾಯಿ ಮುಚ್ಕೊಂಡಿದ್ದಿದ್ರೆ ನಮ್ಮನೆಯವರು ಇದರಲ್ಲಿ ಬರ್ತಾನೇ ಇರ್ಲಿಲ್ಲ."

ಅವರು ಹೊರಟುಹೋದರು. ಜನ ಒಬ್ಬೊಬ್ಬರಾಗಿ ಕರಗಿದರು. ಕಂಡಕ್ಟರ್ ಎರಡನೇ ಯಂತ್ರದ ಮಾತನ್ನು ಮುಂದಿನ ತಿಂಗಳಿಗೆ ಹಾಕಿದ. ಹೆಂಡತಿ ಖಾಲಿ ಡಬ್ಬಿಯ ಮುಚ್ಚಳ ಬಿಗಿಮಾಡುತ್ತ, ತಲೆಯೆತ್ತದೆ ಕೇಳಿದಳು:

"ರೀ, ನೀವು ಆವತ್ತು ಎಷ್ಟು ಸಲ ಕೂಗಿದ್ರಿ?"

ಕಿವಿ ಡಾಕ್ಟ್ರು ನೆನಪು ಮಾಡಿಕೊಂಡರು. ಇಪ್ಪತ್ತೆರಡರ ಆ ಸಂಜೆ ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ನೆನಪಿತ್ತು. ಸುಮ್ಮನಿದ್ದ ಒಂದು ಗಳಿಗೆಯೂ ಅದರಲ್ಲಿ ಸಿಗಲಿಲ್ಲ.