ಗಾಳಿ ತೆಗೆಯುವ ಭಾವ

ನಮ್ಮ ಭಾವನಿಗೆ ಗಾಳಿ ಕಂಡರೆ ಆಗುವುದಿಲ್ಲ!

ಹಾಗೆಂದು ಅವರು ಸೆಕೆಗಾಲದಲ್ಲೂ ಫ್ಯಾನ್ ಹಾಕುವುದಿಲ್ಲ ಎಂದು ತಿಳಿಯಬೇಡಿ. ಮನೆಯಲ್ಲಿ ಫ್ಯಾನಿನ ನೇರ ಕೆಳಗಿನ ಜಾಗ ಅವರದೇ. ಅಲ್ಲಿ ಬೇರೆಯವರು ಚಾಪೆ ಹಾಸಿದರೆ ಆ ದಿನ ಅವರಿಗೆ ಊಟ ರುಚಿಸುವುದಿಲ್ಲ. ಅವರ ವೈರವೇನಿದ್ದರೂ ಸ್ಟಿಕ್ಕರಿನ ಅಡಿಯಲ್ಲಿ ಸಿಕ್ಕಿಕೊಂಡ, ಸಾಸಿವೆಕಾಳಿನಷ್ಟು ಗಾಳಿಯ ಮೇಲೆ. ಬಸ್ಸಿನ ಗಾಜಿನಲ್ಲೋ ಯಾರದೋ ಸ್ಕೂಟರಿನಲ್ಲೋ ಅಂಥ ಒಂದು ಗುಳ್ಳೆ ಕಂಡರೆ ಸಾಕು, ಮದುವೆಗೆ ಹೊರಟವರು ಮುಹೂರ್ತ ಮರೆತು ನಿಂತುಬಿಡುತ್ತಾರೆ. ಕಿಸೆಯಲ್ಲಿ ಸದಾ ಒಂದು ಸೂಜಿ. ಬೇರೆ ಗಂಡಸರ ಕಿಸೆಯಲ್ಲಿ ಬೀಡಿ ಸಿಗುತ್ತದೆ, ಬಸ್ ಟಿಕೆಟು ಸಿಗುತ್ತದೆ. ಬಟ್ಟೆ ಒಗೆಯುವಾಗ ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುವ ಭಾಗ್ಯ ಭಾವನ ಹೆಂಡತಿಯದು ಮಾತ್ರ. ಆಕೆಯನ್ನು ನಾನು ಅಕ್ಕ ಎಂದೇ ಕರೆಯುವುದು. ಒಂದೇ ಮನೆ, ಒಂದೇ ಒಲೆ. ಜಗಳ ವಾರಕ್ಕೊಮ್ಮೆಗಿಂತ ಹೆಚ್ಚಿಲ್ಲ. ದೇವರ ದಯ.

ಭಾವ ನಮ್ಮ ಮನೆಯವರ ಅಣ್ಣ. ಬೈಂದೂರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಸ್ಟಿಕ್ಕರ್ ಕತ್ತರಿಸುವ ಅಂಗಡಿ. ಹೊಳೆಯಲಿ, ಹೊಳೆಯದಿರಲಿ, ನಮ್ಮ ಕಡೆ ಎಲ್ಲದಕ್ಕೂ 'ರೇಡಿಯಂ' ಎಂದೇ ಹೆಸರು. ಬೈಕಿನ ಮೇಲೆ ಮಗಳ ಹೆಸರು, ರಿಕ್ಷಾದ ಹಿಂದೆ ದೇವರ ಹೆಸರು, ಹೋಟೆಲಿನ ಗಾಜಿನ ಬಾಗಿಲಿಗೆ 'ತಳ್ಳಿರಿ', ಎಲ್ಲವೂ ಅಲ್ಲೇ ತಯಾರು.

ನಮ್ಮ ಮನೆಯವರು ಗಂಗೊಳ್ಳಿ ಬಂದರಿನಲ್ಲಿ ಮೀನುಗಾರಿಕೆ ಬೋಟು ನಡೆಸುವ ತಾಂಡೇಲರು. ಮಳೆಗಾಲದ ರಜೆಯಲ್ಲಿ ಬೋಟಿಗೆ ಹೊಸ ಬಣ್ಣ ಬಳಿದು, 'ಧೈರ್ಯಲಕ್ಷ್ಮಿ' ಎಂದು ಹೊಸ ಹೆಸರಿಟ್ಟು, ಹೆಸರು ನಂಬರು ಅಂಟಿಸುವ ಕೆಲಸವನ್ನು ಅಣ್ಣನಿಗೇ ಕೊಟ್ಟರು. ಆಗಸ್ಟ್ ಬಂತು, ರಜೆ ಮುಗಿಯಿತು. ಉಳಿದ ಬೋಟುಗಳು ಒಂದೊಂದಾಗಿ ಕಡಲಿಗೆ ಹೊರಟವು. ನಮ್ಮದು ಮಾತ್ರ ಮದುಮಗಳಂತೆ ಸಿಂಗರಿಸಿಕೊಂಡು, ಬೋಟು ಕಟ್ಟುವ ದಕ್ಕೆಯಲ್ಲೇ ಕುಳಿತಿತ್ತು. ಯಾಕೆ? ಮಳೆ ಬರುತ್ತಿತ್ತು, ಹಲಗೆ ಒದ್ದೆಯಾಗಿತ್ತು, ಒದ್ದೆ ಹಲಗೆಗೆ ಭಾವ ಅಂಟಿಸುವುದಿಲ್ಲ! ಹೆಸರು ನಂಬರು ಇಲ್ಲದೆ ಬೋಟು ಬಂದರು ಬಿಡುವಂತಿಲ್ಲ. ಆಗಸ್ಟಿನಲ್ಲಿ ನಮ್ಮ ಊರಲ್ಲಿ ಒಣಗಿದ ಹಲಗೆ ಬೇಕು ಎನ್ನುವವರಿಗೆ ಏನೆನ್ನಬೇಕು? ಕಡಲು ಕಾಯುತ್ತಿತ್ತು, ಕೆಲಸದವರು ಕಾಯುತ್ತಿದ್ದರು, ನಮ್ಮ ಮನೆಯವರು ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಭಾವ ಫ್ಯಾನಿನ ಕೆಳಗೆ ಕುಳಿತು ಆಕಾಶ ನೋಡುತ್ತಿದ್ದರು.

ಇಂಥ ಮನುಷ್ಯನನ್ನು ಬೈದು ಸರಿಮಾಡಬಹುದಿತ್ತಲ್ಲ ಎನ್ನುತ್ತೀರಾ? ಹಾಗಾದರೆ ನಿಮಗೆ ಅವರ ಪರಿಚಯವಿಲ್ಲ. ಸ್ವಲ್ಪ ಹೇಳುತ್ತೇನೆ, ಕೇಳಿ.

ಅಂಗಡಿಯಲ್ಲಿ ಅವರದು ಪಾಠಶಾಲೆ. ಯಂತ್ರದ ಬ್ಲೇಡು ಮೇಲಿನ ಹಾಳೆಯನ್ನು ಕತ್ತರಿಸಬೇಕು, ಕೆಳಗಿನ ಕಾಗದಕ್ಕೆ ಗೀರೂ ಬೀಳಬಾರದು. ಅದಕ್ಕೆ ಅವರ ಮಂತ್ರ, "ದೋಸೆ ಏಳ್ಕ್, ಕಾವ್ಲಿ ಕೆರೂಕಾಗ." ಮೊದಲು ಮೂಲೆಯಲ್ಲಿ ಚಿಕ್ಕದೊಂದು ಚೌಕ ಕತ್ತರಿಸಿ ಪರೀಕ್ಷೆ ಮಾಡದೆ ದೊಡ್ಡ ಅಕ್ಷರಕ್ಕೆ ಕೈ ಹಾಕಬಾರದು. ಆಮೇಲೆ ಅಕ್ಷರದ ಹೊಟ್ಟೆಯೊಳಗಿನ ಬೇಡದ ಚೂರುಗಳನ್ನು ಸೂಜಿಯಲ್ಲಿ ಕೀಳುವ ಕೆಲಸ. ಮನೆಗೆಲಸ ಮುಗಿದ ದಿನ ನಾನೂ ಹೋಗಿ ಕೀಳುತ್ತೇನೆ. ಮೀನಿನ ಮುಳ್ಳು ತೆಗೆದ ಕೈಗೆ ಇದೇನು ಮಹಾ! ಒಮ್ಮೆ ಮಾತ್ರ ಮಾತಾಡುತ್ತಾ ಕಿತ್ತು, 'ಅಣ್ಣನ ಕೋಳಿ ಅಂಗಡಿ'ಯ ಒತ್ತನ್ನೂ ಕಸದ ಜೊತೆ ಎಸೆದುಬಿಟ್ಟೆ. ಅಂಟಿಸಿದ ಮೇಲೆ ನೋಡಿದರೆ 'ಅಣನ ಕೋಳಿ ಅಂಗಡಿ'!

"ತಂಗಿ, ಒತ್ತ್ ಎಲ್ಲ್ ಹೋಯ್ತ್?"

"ಕೋಳಿ ತಿಂತೇನೋ ಭಾವ," ಎಂದೆ. ಮೂರು ದಿನ ನನ್ನ ಕೈಗೆ ಸೂಜಿ ಕೊಡಲಿಲ್ಲ.

ಅಂಟಿಸುವುದಕ್ಕೂ ಶಾಸ್ತ್ರವಿದೆ. ಜಾಗವನ್ನು ಮೊದಲು ಸ್ಪಿರಿಟಿನಲ್ಲಿ ಒರೆಸಬೇಕು. ಎಣ್ಣೆ ಪಸೆ ಇರಬಾರದು, ಧೂಳಿರಬಾರದು, ನೀರಿನ ಪಸೆಯಂತೂ ಕೂಡದು. ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಬೇಕು. ಅಂಚಿನಿಂದ ನಡುವಿಗೆ ಬಂದರೆ ಗಾಳಿಗೆ ಓಡಲು ದಾರಿಯೆಲ್ಲಿ? ಈ ಶಾಸ್ತ್ರದ ಪ್ರಯೋಗ ಒಮ್ಮೆ ಅಕ್ಕನ ಹಣೆಯ ಮೇಲೂ ಆಯಿತು. ಉಳಿದ ಕೆಂಪು ಹಾಳೆಯ ಚೂರು ಎಸೆಯಲು ಮನಸ್ಸು ಬಾರದೆ, ಯಂತ್ರದಲ್ಲಿ ಗುಂಡಗೆ ಕತ್ತರಿಸಿ, ಹೆಂಡತಿಗೆ ಬೊಟ್ಟು ಮಾಡಿ ತಂದರು. "ಮಳೆ, ಬಿಸ್ಲ್, ಎಂತಕ್ಕೂ ಹೋಪುದಲ್ಲ. ಏಳ್ ವರ್ಷ ಗ್ಯಾರಂಟಿ!" ಅಕ್ಕನ ಹಣೆಯನ್ನು ಸ್ಪಿರಿಟಿನಲ್ಲಿ ಒರೆಸಿ, ನಡುವಿನಿಂದ ಅಂಚಿಗೆ ಒತ್ತಿ ಅಂಟಿಸಿದರು.

ರಾತ್ರಿ ಮುಖ ತೊಳೆದರೆ ಅದು ಹೋಗಲಿಲ್ಲ. ಸೀಗೆಪುಡಿ ಹಾಕಿದರೂ ಹೋಗಲಿಲ್ಲ. ಎಣ್ಣೆ ಉಜ್ಜಿದರೂ ಇಲ್ಲ. ಭಾವ ಹೆಮ್ಮೆಯಿಂದ ನೋಡುತ್ತಿದ್ದರು. ಕೊನೆಗೆ ಅಕ್ಕ ಅಳುವಂತಾದಾಗ ಕೂದಲು ಒಣಗಿಸುವ ಯಂತ್ರ ತಂದರು.

"ಹೆದ್ರಬ್ಯಾಡ. ಬಿಸಿ ಮಾಡಿರೆ ಅಂಟ್ ಬಿಡತ್ತ್. ಮೇಲೆ ಎಳೂಕಾಗ, ಮಡ್ಸಿ ನಿಧಾನಕ್ಕೆ ಹಿಂದೆ ಎಳಿಕ್. ಬಸ್ಸಿಂದೆಲ್ಲ ಹಾಂಗೇ ತೆಗುದ್."

"ನಾನೆಂತ ಬಸ್ಸಾ?" ಎಂದು ಅಕ್ಕ ಕೂಗಿದ್ದು ನಾಲ್ಕು ಮನೆಗೆ ಕೇಳಿತು. ಬೊಟ್ಟು ಬಂತು, ಹಣೆಯ ಚರ್ಮ ಅಲ್ಲೇ ಉಳಿಯಿತು. ಸಣ್ಣ ಉಪಕಾರಕ್ಕೂ ದೇವರಿಗೆ ಕೈಮುಗಿಯಬೇಕು ನೋಡಿ!

ಇನ್ನೊಂದು ಸಲ ದೇವಸ್ಥಾನಕ್ಕೆಂದು ಹಣ್ಣುಕಾಯಿ ಹಿಡಿದು ಭಾವನ ಜೊತೆ ಕುಂದಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ತಿರುಗಿ ನೋಡಿದರೆ ಪಕ್ಕದಲ್ಲಿ ಭಾವನಿಲ್ಲ. ಯಾರದೋ ಹೊಸ ಕಾರಿನ ಹಿಂದೆ ಬಗ್ಗಿ ಕುಳಿತಿದ್ದಾರೆ, ಕೈಯಲ್ಲಿ ಸೂಜಿ ಬೇರೆ! ಕಾರಿನವನು ಚಾ ಅಂಗಡಿಯಿಂದ ಓಡಿಬಂದ.

"ಹ್ವಾಯ್! ಎಂತ ಮಾಡ್ತಿದ್ರಿ ಅಲ್ಲಿ?"

ಭಾವ ತಲೆ ಎತ್ತದೆ ಸತ್ಯವನ್ನೇ ಹೇಳಿದರು. "ಗಾಳಿ ತೆಗಿತಿದ್ದೆ."

ಆಮೇಲೆ ಕೇಳಬೇಕೆ? ಜನ ಸೇರಿತು. "ಹಗಲ್ ಹೊತ್ತಲ್ಲೇ ಗಾಳಿ ತೆಗಿತ್ರಲೆ, ಎಂತಾ ಧೈರ್ಯ ಮಾರಾಯ್ರೆ!" ಎಂದು ಒಬ್ಬರು. "ಕಾಂಬುಕೆ ಮರ್ಯಾದಸ್ಥರ್ ಕಂಡಂಗೆ ಕಾಣತ್ತ್," ಎಂದು ಇನ್ನೊಬ್ಬರು. ಕಾರಿನವನು ಬಿಳಿ ಪ್ಯಾಂಟಿನಲ್ಲೇ ಮಂಡಿಯೂರಿ ನಾಲ್ಕೂ ಚಕ್ರ ಒತ್ತಿ ನೋಡಿದ. ಡಿಕ್ಕಿ ತೆಗೆದು ಐದನೆಯದನ್ನೂ ನೋಡಿದ. ಆ ಹೊತ್ತಿಗೆ ಭಾವ ಹಿಂಬದಿಯ ಸ್ಟಿಕ್ಕರಿನಲ್ಲಿ ಉಳಿದಿದ್ದ ಎರಡು ಗುಳ್ಳೆಗಳನ್ನೂ ಮುಗಿಸಿ, ಹೆಬ್ಬೆರಳಿನಿಂದ ನೀವಿ, "ಇನ್ನ್ ಹೋಪ ತಂಗಿ," ಎಂದರು. ಬಸ್ಸು ಹೋಗಿಯಾಗಿತ್ತು. ದೇವರಿಗೆ ಅಲ್ಲಿಂದಲೇ ಕೈಮುಗಿದೆ.

ಈ ಸುದ್ದಿ ಬಸ್ಸಿನಿಂದ ಬಸ್ಸಿಗೆ ಹತ್ತಿ, 'ಬೈಂದೂರಲ್ಲಿ ಒಬ್ರ್ ಗಾಳಿ ತೆಗಿತ್ರಂಬ್ರ್' ಎಂಬಲ್ಲಿಗೆ ಮುಟ್ಟಿತು. ಒಂದು ದಿನ ನಾನು ಅಂಗಡಿಯಲ್ಲಿ ಚೂರು ಕೀಳುತ್ತಾ ಕುಳಿತಿದ್ದೆ. ಬಿಜೂರಿನ ಕಡೆಯ ಅಜ್ಜಿಯೊಬ್ಬರು ಸೊಸೆಯ ಕೈ ಹಿಡಿದುಕೊಂಡು ಬಂದರು. ಸೊಸೆ ಮಂಕಾಗಿ ಬಾಗಿಲಲ್ಲೇ ನಿಂತಳು. ಭಾವ ಯಂತ್ರದ ಮೇಲೆ ಬಗ್ಗಿದ್ದರು.

"ಇಲ್ಲ್ ಗಾಳಿ ತೆಗಿತ್ರಂಬ್ರಲೆ, ಹೌದಾ?"

"ತೆಗಿತೆ. ಎಲ್ಲ್ ಇತ್?"

"ಮೈಮೇಲೆ."

"ಮೈ ಪೂರ್ತಿಯಾ, ಒಂದ್ ಬದಿಯಾ?"

"ಪೂರ್ತಿಯೇ ಒಡೆಯಾ. ಹೊತ್ತ್ ಕಂತ್ರೆ ಜಾಸ್ತಿ."

"ತೊಂದ್ರಿಲ್ಲೆ. ಸೂಜಿಯಲ್ಲ್ ಚುಚ್ಚಿ ಒತ್ತಿರೆ ಹೋತ್."

ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು. ಅಜ್ಜಿ ಹೇಳುವ ಗಾಳಿ ಯಾವುದೆಂದು ನನಗೆ ಅರ್ಥವಾಗಿತ್ತು, ಆದರೆ ನಗು ತಡೆಯಲಾರದೆ ಕಸದ ಬುಟ್ಟಿಯ ಮೇಲೆ ಬಗ್ಗಿಬಿಟ್ಟೆ. ಭಾವ ಮುಂದುವರಿಸಿದರು.

"ಎಷ್ಟ್ ವರ್ಷದ್ದ್?"

"ಇಪ್ಪತ್ನಾಲ್ಕ್ ತುಂಬ್ತ್."

"ಅಷ್ಟ್ ಹಳತಾ! ಹಾಂಗಾರೆ ರಿಪೇರಿ ಮಾಡಿ ಪ್ರಯೋಜ್ನ ಇಲ್ಲೆ. ಕಿತ್ತ್ ಬಿಸಾಡಿ ಹೊಸತ್ ಹಾಕ್ಸುದೇ ಒಳ್ಳೇದ್."

ಅಜ್ಜಿ ನಿಟ್ಟುಸಿರು ಬಿಟ್ಟರು. "ನಾನೂ ಮಗನತ್ರ ಅದನ್ನೇ ಹೇಳ್ದೆ. ಅಂವ ಕೇಣುದಿಲ್ಲೆ."

ಆಗ ಸೊಸೆ ನಕ್ಕಳು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಾವಿಕಟ್ಟೆಯ ಹತ್ತಿರ ಹೆದರಿದ ಮೇಲೆ ಅವಳು ನಕ್ಕದ್ದೇ ಇರಲಿಲ್ಲವಂತೆ. ಅಜ್ಜಿ ಭಾವನಿಗೆ ಅಡ್ಡಬಿದ್ದರು. ಮರುವಾರ ಒಂದು ಬಾಳೆಗೊನೆಯನ್ನೂ ಕಳಿಸಿದರು. ಯಾವ ಬಾಯಿಂದ ಯಾರಿಗೆ ಒಳ್ಳೆಯದು ಮಾಡಿಸುತ್ತಾನೋ ಭಗವಂತ! "ಯಾವ ಗಾಡಿಯಂಬುದ್ ಕಡಿಗೂ ಹೇಳ್ಲಿಲ್ಲೆ ಕಾಣ್," ಎಂದು ಭಾವ ಇವತ್ತಿಗೂ ಹೇಳುತ್ತಾರೆ.

ಇಂಥವರಿಗೆ ಆಗಸ್ಟಿನ ಮಳೆಯಲ್ಲಿ 'ಬೇಗ ಅಂಟಿಸಿ' ಎಂದು ಹೇಳುವವರು ಯಾರು? ಕಡೆಗೆ ನಮ್ಮ ಮನೆಯವರೇ ಹೇಳಿದರು.

"ಅಣ್ಣಯ್ಯಾ, ಎಲ್ಲರೂ ಹೋಯಿ ಮೀನ್ ಹಿಡೂಕೆ ಶುರು ಮಾಡ್ರ್. ಮೀನೆಂತ ಹೆಸ್ರ್ ಓದ್ಕಂಡ್ ಬಲಿಗೆ ಬೀಳತ್ತಾ?"

"ಮೀನ್ ಓದುದಿಲ್ಲೆ."

"ಮತ್ತೆ? ಹ್ಯಾಂಗಾರೂ ಒಂದ್ ಅಂಟ್ಸ್. ಬಿದ್ರೆ ಬೀಳ್ಲಿ."

"ಬೀಳುದನ್ನ ಅಂಟ್ಸುಕೆ ನಾನೇ ಬೇಕಾ?"

"ಹಾಂಗಾರೆ ಬಣ್ಣದಲ್ಲ್ ಬರೆಸ್ತೆ!"

"ಬರೆಸ್. ಬಣ್ಣ ಮಳೆಯಲ್ಲ್ ಒಣಗತ್ತ್ ಅಲ್ದಾ?"

ನಮ್ಮ ಮನೆಯವರು ಕೊಡೆ ತೆಗೆದುಕೊಂಡು ಹೊರಟೇಹೋದರು. ಭಾವ ಗಂಜಿಯ ಬಟ್ಟಲು ಬದಿಗೆ ಸರಿಸಿದರು. ಅಣ್ಣತಮ್ಮಂದಿರ ನಡುವೆ ಒಂದು ಹೆಸರು ಬಂದು ಕುಳಿತಿತಲ್ಲಾ ಎಂದು ನನಗೆ ಸಂಕಟ. ದೀಪ ಹಚ್ಚಿ ದೇವಿಯಲ್ಲಿ ಕೇಳಿಕೊಂಡೆ: ಬೇರೇನೂ ಬೇಡ ತಾಯಿ, ಒಂದು ಮಧ್ಯಾಹ್ನದಷ್ಟು ಬಿಸಿಲು ಕೊಡು.

ಬಿಸಿಲು ಕೊಡಲಿಲ್ಲ. ಮರುದಿನ ಮಳೆ ಸ್ವಲ್ಪ ಬಿಟ್ಟು ಹೊಳವಾಯಿತು, ಅಷ್ಟೆ. ಕೇಳಿದ್ದರಲ್ಲಿ ಅರ್ಧ ಸಿಕ್ಕಿದರೂ ಸಿಕ್ಕಿದಂತೆಯೇ. ಭಾವ ದಡಬಡ ಎದ್ದರು. ಬೋಟಿನ ಕ್ಯಾಬಿನ್ನಿಗೆ ನೀಲಿ ಟಾರ್ಪಾಲು ಕಟ್ಟಿ ಡೇರೆ ಮಾಡಿದರು. ಐಸ್ ಕಾರ್ಖಾನೆಯಿಂದ ವಯರು ಎಳೆಸಿದರು. ಅಕ್ಕನ ಕೈಗೊಂದು, ನನ್ನ ಕೈಗೊಂದು ಕೂದಲು ಒಣಗಿಸುವ ಯಂತ್ರ! ಗಾಳಿಯ ಪರಮವೈರಿ ಕೊನೆಗೆ ಗಾಳಿಗೇ ಶರಣಾದರು. ನಾವಿಬ್ಬರೂ ಬಾಣಂತಿಯ ತಲೆ ಒಣಗಿಸಿದ ಹಾಗೆ ಬೋಟನ್ನು ಒಣಗಿಸಿದೆವು. ದಕ್ಕೆಯಲ್ಲಿದ್ದವರೆಲ್ಲ ಬಂದು ನೋಡಿ ನಕ್ಕರು. ನಮ್ಮ ಮನೆಯವರು ದೂರದಲ್ಲಿ ಬೆನ್ನು ಹಾಕಿ ನಿಂತಿದ್ದರು.

ಹಲಗೆಗೆ ಕೆನ್ನೆ ತಾಗಿಸಿ ನೋಡಿ ಭಾವ 'ಆತ್' ಎಂದರು. ಅಕ್ಷರಗಳ ಮೇಲೆ ಟೇಪು ಹಚ್ಚಿ, ಹಿಂದಿನ ಕಾಗದ ಬಿಡಿಸಿ, ನಡುವಿನಿಂದ ಒತ್ತತೊಡಗಿದರು. 'ಧ'ದ ಕೆಳಗಿನ ಸೀಳು, 'ರ್ಯ'ದ ಅರ್ಕಾವೊತ್ತು, 'ಕ್ಷ್ಮಿ'ಯ ಒತ್ತಿನ ಮೇಲೆ ಒತ್ತು. ಒಂದೊಂದನ್ನೂ ಬೆರಳಿನಿಂದ ನೀವಿದರು. ನಾನು ಟೇಪಿನ ತುದಿ ಹಿಡಿದಿದ್ದೆ. ಸಲಿಗೆಯಿಂದ ಕೇಳಿದೆ, "ಭಾವ, ಮೀನ್ ಓದುದಿಲ್ಲೆ ಅಂದ್ರಿ. ಮತ್ತ್ ಯಾರಿಗೆ ಇಷ್ಟ್ ಚಂದ?"

ಅವರು ಕೈ ನಿಲ್ಲಿಸಲಿಲ್ಲ.

"ಕಡಲಲ್ಲ್ ಎಂತಾರೂ ಹೆಚ್ಚುಕಮ್ಮಿ ಆಯ್ತಂದ್ಕೊ. ಬದಿಯಲ್ಲ್ ಹೋಪ ಬೋಟ್ನರ್ ಓದಿ ಇಲ್ಲಿಗೆ ಹೇಳ್ಕ್. 'ಒಂದ್ ಬೋಟ್ ಕಂಡಿತ್, ಹೆಸ್ರ್ ಮಾತ್ರ ಉದ್ರಿ ಹೋಯಿತ್' ಅಂದ್ರೆ, ಮನೆಯಲ್ಲ್ ಕೂತ ನಾವ್ ಎಂತ ಮಾಡುದ್ ತಂಗಿ? ಅಂವ ನಂಗಿಪ್ಪುದ್ ಒಬ್ನೇ ತಮ್ಮ."

ನಾನು ಟೇಪಿನ ತುದಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ. ಬೆನ್ನು ಹಾಕಿ ನಿಂತಿದ್ದವರಿಗೆ ಕೇಳಿತೋ ಇಲ್ಲವೋ ಗೊತ್ತಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದು ಟಾರ್ಪಾಲಿನ ಜಾರುತ್ತಿದ್ದ ಮೂಲೆಯನ್ನು ಎತ್ತಿ ಹಿಡಿದು ನಿಂತರು.

ಮರುದಿನ ಬೋಟು ಹೊರಟಿತು. ಕಡಲಿಗೆ ಹಾಲು ಕಾಯಿ ಬಿಟ್ಟು, ನಾನು, ಅಕ್ಕ, ಭಾವ ಅಳಿವೆಯ ಬಾಯಿಯ ಕಲ್ಲುಗಳ ಮೇಲೆ ನಿಂತೆವು. ತುಂತುರು ಮಳೆ. ಬೋಟು ತೆರೆ ಹತ್ತಿ ಇಳಿಯುವುದನ್ನು ಭಾವ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಕಾಣತ್ತಾ ಭಾವ?"

"ಓ, ಕಾಣತ್ತ್. ಧೈ-ರ್ಯ-ಲ-ಕ್ಷ್ಮಿ."

ಇನ್ನಷ್ಟು ದೂರ ಹೋಯಿತು. ನನಗೆ ಬಿಳಿಯ ಒಂದು ಗೆರೆ ಮಾತ್ರ ಕಾಣುತ್ತಿತ್ತು.

"ಈಗ?"

"ಕಾಣತ್ತ್. ಒತ್ತ್ ಸೈತ ಕಾಣತ್ತ್."

ಆಮೇಲೆ ಆ ಗೆರೆಯೂ ಮಳೆಯಲ್ಲಿ ಕರಗಿತು. ಭಾವ ಇನ್ನೂ ಓದುತ್ತಲೇ ಇದ್ದರು, ತುಟಿ ಅಲುಗುತ್ತಿತ್ತು. ದೂರದ್ದನ್ನು ನೋಡುವ ಅವರ ಕನ್ನಡಕ ಅಂಗಿಯ ಕಿಸೆಯಲ್ಲೇ ಇತ್ತು. ನಾನದನ್ನು ನೋಡಿದೆ, ಅಕ್ಕನೂ ನೋಡಿದಳು.

"ಇನ್ನೊಂದ್ ಸಲ ಓದಿ ಭಾವ," ಎಂದೆ.

ಓದಿದರು.