ಪಾಸ್‌ಪೋರ್ಟಿಗೊಂದು ಶಿಫಾರಸು

ಟೇಪಣ್ಣನ ಪಾಸ್‌ಪೋರ್ಟು ನಾಲ್ಕು ತಿಂಗಳಿಂದ ‘ಪರಿಶೀಲನೆಯಲ್ಲಿ’ ಇತ್ತು. ಟೇಪಣ್ಣ ಎಂಬುದು ಕತ್ತಿನಿಂದ ಅಳತೆಯ ಟೇಪನ್ನು ಎಂದೂ ಇಳಿಸದ ಆ ದರ್ಜಿಗೆ ಬೀದಿಯವರು ಇಟ್ಟ ಹೆಸರು. ಹೊರದೇಶದಲ್ಲಿ ನರ್ಸಾಗಿರುವ ಒಬ್ಬಳೇ ತಂಗಿಗೆ ಬರುವ ಭಾನುವಾರ ಮದುವೆ. ಮದುವೆಯ ಉಡುಪನ್ನು ತಾನೇ ಹೊಲಿದು, ತಾನೇ ಒಯ್ದು ಕೊಡುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ಉಡುಪು ಸಿದ್ಧವಾಗಿತ್ತು. ಶುಕ್ರವಾರದ ವಿಮಾನಕ್ಕೆ ಟಿಕೆಟ್ಟೂ ಆಗಿತ್ತು. ಇವತ್ತು ಸೋಮವಾರ.

“ಸುಮ್ನೆ ಕೂತ್ರೆ ಆಗತ್ತೇನಯ್ಯಾ?” ಎಂದರು ಮಹಡಿ ಮನೆಯ ನಿವೃತ್ತ ಹೆಡ್ ಗುಮಾಸ್ತರು. ಕೇಳದವರಿಗೂ ಸಲಹೆ ಕೊಡದಿದ್ದರೆ ಅವರಿಗೆ ಉಂಡ ಅನ್ನ ಕರಗುವುದಿಲ್ಲ. “ಅದು ಕೇಂದ್ರ ಸರ್ಕಾರದ ಆಫೀಸು. ನಿನ್ನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆ ಇಲ್ಲ. ನಮ್ಮ ಎಂಪಿ ಹತ್ರ ಹೋಗು. ಅವರು ಒಂದು ಮಾತು ಹೇಳಿದ್ರೆ ಫೈಲು ಎದ್ದು ಓಡತ್ತೆ!”

“ಇನ್ನೆರಡು ದಿನ ನೋಡೋಣ ಅಂತಿದ್ದೆ ಸಾರ್...”

“ನೋಡ್ತಾ ಕೂತ್ರೆ ತಂಗಿ ಮದುವೇನ ಫೋಟೋದಲ್ಲಿ ನೋಡ್ತೀಯ.”

ಈ ಮಾತು ನೇರವಾಗಿ ಎದೆಗೆ ನಾಟಿತು. ಕೆಲಸ ಆಗದೆ ಮನೆಗೆ ಬರುವುದಿಲ್ಲವೆಂದು ಹೆಂಡತಿಗೆ ಹೇಳಿ, ಟೇಪಣ್ಣ ಅಂಗಡಿಯ ಬಾಗಿಲು ಎಳೆದು ಹೊರಟೇಬಿಟ್ಟ.

ಎಂಪಿ ಕಚೇರಿಯಲ್ಲಿ ಸಹಾಯಕ ಒಂದು ಹಾಳೆ ಮುಂದಿಟ್ಟ. “ನಿಮ್ಮ ಪರವಾಗಿ ನಾವು ವಿಚಾರಿಸಬೇಕಾದ್ರೆ ನಿಮ್ಮ ಒಪ್ಪಿಗೆ ಬೇಕು. ಸಹಿ ಹಾಕಿ.”

ಟೇಪಣ್ಣ ಅಭ್ಯಾಸಬಲದಿಂದ ಕಿವಿಯ ಸಂದಿನಲ್ಲಿದ್ದ ಸೀಮೆಸುಣ್ಣ ತೆಗೆದು, ಬಟ್ಟೆಗೆ ಗುರುತು ಹಾಕುವಂತೆ ಸಹಿ ಹಾಕಿದ. ಫ್ಯಾನಿನ ಗಾಳಿಗೆ ಅರ್ಧ ಸಹಿ ಹಾರಿಹೋಯಿತು. ಪೆನ್ನಿನಲ್ಲಿ ಹಾಕಿದ ಎರಡನೆಯದು ಪಾಸ್‌ಪೋರ್ಟ್ ಅರ್ಜಿಯಲ್ಲಿದ್ದ ಸಹಿಗೆ ದೂರದ ನೆಂಟನಂತಿತ್ತು.

“ನಾಳೆ ಬನ್ನಿ,” ಎಂದ ಸಹಾಯಕ.

“ಕೆಲಸ ಆಗೋವರೆಗೂ ನಾನು ಇಲ್ಲಿಂದ ಕದಲಲ್ಲ,” ಎಂದು ಟೇಪಣ್ಣ ಹೊಸ್ತಿಲ ಮೇಲೇ ಕುಳಿತ.

ಅದೇ ಹೊತ್ತಿಗೆ ಒಳಗಿನಿಂದ ದಡಬಡನೆ ಬಂದ ಎಂಪಿ ಅವನನ್ನು ಎಡವಿ ಬಾಗಿಲ ಚಿಲಕ ಹಿಡಿದರು. ಕೋಟಿನ ತೋಳು ಭುಜದ ಬಳಿ ಪರ್ರೆಂದು ಹರಿಯಿತು. ಟೇಪಣ್ಣ ತನ್ನ ಕಾಲರಿನಿಂದ ಸೂಜಿ ತೆಗೆದ.

“ಅಲ್ಲಾಡ್ಬೇಡಿ ಸಾರ್. ಎರಡು ನಿಮಿಷ.”

ಹೊಲಿಯುತ್ತಾ ಹೊಲಿಯುತ್ತಾ ತನ್ನ ಕತೆಯನ್ನೆಲ್ಲ ಹೇಳಿದ. ಕತ್ತಿನ ಬಳಿ ಸೂಜಿ ಇರುವಾಗ ಯಾರಾದರೂ ಗಮನ ಕೊಟ್ಟೇ ಕೇಳುತ್ತಾರೆ.

“ಆಯ್ತಪ್ಪಾ, ವಿಚಾರಿಸ್ತೀನಿ,” ಎಂದರು ಎಂಪಿ.

“ಈಗಲೇ ಫೋನ್ ಮಾಡ್ಬಿಡಿ ಸಾರ್. ಇನ್ನೂ ನಾಲ್ಕು ಹೊಲಿಗೆ ಇದೆ.”

ಎಂಪಿ ಪಾಸ್‌ಪೋರ್ಟ್ ಅಧಿಕಾರಿಗೆ ಫೋನ್ ಹಚ್ಚಿ ಗುಡುಗಿದರು: “ನಾಲ್ಕು ತಿಂಗಳು ಯಾಕ್ರೀ ತಡ? ನನಗೆ ಲಿಖಿತ ಉತ್ತರ ಬೇಕು!”

ಮಧ್ಯಾಹ್ನ ಪಾಸ್‌ಪೋರ್ಟ್ ಕಚೇರಿಗೆ ಹೋದರೆ, ಅಧಿಕಾರಿಯೇ ಎದ್ದು ನಿಂತು ಕುರ್ಚಿ ಕೊಟ್ಟರು.

“ನಿಮ್ಮ ಪಾಸ್‌ಪೋರ್ಟು ಹೋದ ವಾರವೇ ಸಿದ್ಧವಾಗಿತ್ತು ಸಾರ್. ಬೆಳಗ್ಗೆ ಪೋಸ್ಟ್‌ಮ್ಯಾನ್ ನಿಮ್ಮ ಅಂಗಡಿಗೆ ತಂದಿದ್ದ. ಬಾಗಿಲು ಹಾಕಿತ್ತಂತೆ. ಅಷ್ಟರಲ್ಲಿ ಎಂಪಿಯವರ ಫೋನ್ ಬಂತು. ತಕ್ಷಣ ವಾಪಸ್ ತರಿಸಿದ್ವಿ!”

“ವಾಪಸ್ ಯಾಕೆ ತರಿಸಿದ್ರಿ?”

“ಎಂಪಿ ಕೇಳಿದ ಫೈಲನ್ನ ಹಾಗೇ ಬಿಡೋಕಾಗತ್ತಾ ಸಾರ್? ನಾವು ವಿವರಣೆ ಬರೆದು ಕಳಿಸ್ಬೇಕು. ‘ತೃಪ್ತಿಯಾಯಿತು’ ಅಂತ ಅವರು ಸಹಿ ಹಾಕ್ಬೇಕು. ಅಲ್ಲೀವರೆಗೂ ಪಾಸ್‌ಪೋರ್ಟು ಫೈಲಿನ ಜೊತೆಗೇ ಇರ್ಬೇಕು.”

ಗಾಜಿನ ಬೀರುವಿನೊಳಗೆ ಪಾಸ್‌ಪೋರ್ಟು ಕಾಣಿಸುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಟೇಪಣ್ಣನ ಕಣ್ಣು ತುಂಬಿತು. ಆದರೂ ಅವನು ಸೋಲೊಪ್ಪುವ ಆಸಾಮಿಯಲ್ಲ. ಧಡಕ್ಕನೆ ಎದ್ದ.

“ವಿವರಣೆ ಈಗಲೇ ಬರ್ಕೊಡಿ. ನಾನೇ ಹೋಗಿ ಎಂಪಿ ಸಹಿ ಹಾಕಿಸ್ಕೊಂಡ್ ಬರ್ತೀನಿ!”

“ಅವರು ಊರಲ್ಲಿಲ್ಲ ಸಾರ್. ಒಂದು ತಿಂಗಳು ಅಧ್ಯಯನ ಪ್ರವಾಸ ಅಂತ ಈಗಷ್ಟೇ ವಿಮಾನ ಹತ್ತಿದ್ರು.”

“ಯಾವ ದೇಶಕ್ಕೆ?”

ಅಧಿಕಾರಿ ಹೇಳಿದ್ದು ತಂಗಿ ಇದ್ದ ದೇಶದ ಹೆಸರನ್ನೇ. ಟೇಪಣ್ಣ ಮತ್ತೆ ಕುರ್ಚಿಯಲ್ಲಿ ಕುಸಿದ.

“ಯೋಚನೆ ಮಾಡ್ಬೇಡಿ ಸಾರ್,” ಎಂದು ಅಧಿಕಾರಿ ನಿಜವಾದ ಕಾಳಜಿಯಿಂದ ಅವನ ಭುಜ ತಟ್ಟಿದರು. “ನೀವು ಅಲ್ಲಿಗೇ ಹೋಗಿ ಸಹಿ ಹಾಕಿಸ್ಕೊಂಡ್ ಬನ್ನಿ. ಮಾರನೇ ದಿನವೇ ಪಾಸ್‌ಪೋರ್ಟು ಕೊಟ್ಬಿಡ್ತೀವಿ.”